ರತ್ನಾವತಿಯವರ ಸಾಣೆ ಚಕ್ರಗಳು

ರತ್ನಾವತಿಯವರು ಇಪ್ಪತ್ತೆರಡು ವರ್ಷ ಹಲ್ಲಿನ ಕೆಲಸ ಮಾಡಿದರು. ಅವರು ಡಾಕ್ಟರಲ್ಲ. ಡಾಕ್ಟರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲಿನ ಲೋಹದ ಚೌಕಟ್ಟು ತಯಾರಿಸುವ ಲ್ಯಾಬೊಂದರಲ್ಲಿ, ಆ ಚೌಕಟ್ಟನ್ನು ಉಜ್ಜಿ ನಯ ಮಾಡಿ ಹೊಳಪು ಕೊಡುವ ಮೇಜು ಅವರದು. ಬಾಯಿಯೊಳಗೆ ಕೂರುವ ವಸ್ತು. ಕೂದಲೆಳೆಯಷ್ಟು ಚೂಪು ಉಳಿದರೂ ನಾಲಿಗೆ ದಿನವಿಡೀ ಅಲ್ಲಿಗೇ ಹೋಗುತ್ತದೆ. ರತ್ನಾವತಿಯವರ ಕೈಯಿಂದ ಹೋದದ್ದು ಮರಳಿ ಬರುತ್ತಿರಲಿಲ್ಲ.

ಅವರಿಗೆ ಐವತ್ತಾರು ತುಂಬಿದ ವರ್ಷ ಲ್ಯಾಬಿಗೆ ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಬಂದವು. ವಾರಕ್ಕೆ ಐದು ದಿನದ ಕೆಲಸ ಎರಡಕ್ಕಿಳಿದು, ಆಮೇಲೆ ಅದೂ ನಿಂತಿತು. ಮೇಜು ಖಾಲಿ ಮಾಡುವಾಗ ಮಾಲೀಕರು, ಬೇಕಾದ ಸಾಮಾನು ತೆಗೆದುಕೊಂಡು ಹೋಗಿ ಎಂದರು. ಅವರು ಒಂದು ಡಬ್ಬಿ ತುಂಬ ಸಣ್ಣ ಉಜ್ಜುವ ಚಕ್ರಗಳನ್ನೂ ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿಯನ್ನೂ ಯೂನಿಯನ್ ಸಿಟಿಯ ಮನೆಗೆ ತಂದು ಕಪಾಟಿನಲ್ಲಿಟ್ಟರು. ಗಂಡ ಗುರುದತ್ ಆಸ್ಪತ್ರೆಯೊಂದರ ರಕ್ತಪರೀಕ್ಷೆ ವಿಭಾಗದಲ್ಲಿದ್ದರು. ಮಗಳು ಪ್ರಣೀತಾಳ ಆಫೀಸು ರೆಡ್‌ವುಡ್ ಸಿಟಿಯಲ್ಲಿ. ಹಗಲಿಡೀ ಮನೆಯಲ್ಲಿ ರತ್ನಾವತಿಯವರೊಬ್ಬರೇ. ಸುಮಾರು ಒಂದು ವರ್ಷ ಹಾಗೆಯೇ ಕಳೆಯಿತು.

ಅದೇ ಬೀದಿಯ ಕೊನೆಯಲ್ಲಿ ಮೈಸೂರಿನ ದ್ವಾರಕಾನಾಥರ ಮನೆ. ಚಿಪ್ ಕಂಪನಿಯಿಂದ ನಿವೃತ್ತರಾದ ಮೇಲೆ ಅವರು ಗರಾಜಿನಲ್ಲಿ ಇಬ್ಬರು ಕೂರುವ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದರು. ಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಅಂಚು ನಯ ಮಾಡಿ, ತೂತು ಹೊಂದಿಸಿ, ರಿವೆಟ್ ಹೊಡೆದು ಜೋಡಿಸುವುದು ಕಟ್ಟುವವರ ಕೆಲಸ. ಅದು ಮೂರನೆಯ ವರ್ಷ. ಕಾರುಗಳೆರಡೂ ರಸ್ತೆಯಲ್ಲೇ ನಿಲ್ಲುತ್ತಿದ್ದವು. ಅವರ ಹೆಂಡತಿ ವಸುಧಾ ಸಂಜೆ ವಾಕಿಂಗಿಗೆ ರತ್ನಾವತಿಯವರ ಜೊತೆಗಾತಿ.

ಒಂದು ಸಂಜೆ ವಸುಧಾರನ್ನು ಕರೆಯಲು ಹೋದಾಗ ಗರಾಜಿನ ಬಾಗಿಲು ತೆರೆದಿತ್ತು. ದ್ವಾರಕಾನಾಥರು ಗ್ರೈಂಡರಿಗೆ ತಗಡಿನ ಅಂಚು ಹಿಡಿದಿದ್ದರು. ಆ ಸದ್ದು ಕೇಳಿ ರತ್ನಾವತಿಯವರು ಅಲ್ಲೇ ನಿಂತುಬಿಟ್ಟರು.

"ಸರ್, ನಿಮ್ಮ ಚಕ್ರ ಕಟ್ಟಿಕೊಂಡಿದೆ."

ದ್ವಾರಕಾನಾಥರು ಗ್ರೈಂಡರ್ ಆರಿಸಿದರು. "ಏನಂದ್ರಿ?"

"ಇದು ಸಾಣೆಕಲ್ಲು ಅಲ್ವಾ? ಅಲ್ಯೂಮಿನಿಯಂ ಮೆತ್ತಗೆ ಉಂಟು, ಕಲ್ಲಿನ ಸಂದಿಯೊಳಗೆ ಹೋಗಿ ಕೂತ್ಕೊಳ್ತದೆ. ಮತ್ತೆ ಅದು ಕೊರೆಯುವುದಿಲ್ಲ, ಬರೇ ತಿಕ್ಕುವುದು. ಬಿಸಿ ಹೆಚ್ಚಾದ್ರೆ ಕಲ್ಲು ಒಡೆದು ಮುಖಕ್ಕೇ ಹಾರ್ತದೆ ಮಾರಾಯ್ರೇ."

"ಹೋದ ತಿಂಗಳು ತಂದ ವೀಲು ಇದು. ಹಲ್ಲಿನ ಮೆಟಲ್ಲೇ ಬೇರೆ, ಇದೇ ಬೇರೆ, ರತ್ನಾವತಿ ಅವರೇ," ಎಂದು ದ್ವಾರಕಾನಾಥರು ನಕ್ಕು ಮತ್ತೆ ಸ್ವಿಚ್ ಒತ್ತಿದರು. ವಾಕಿಂಗಿನುದ್ದಕ್ಕೂ ವಸುಧಾ ಗಂಡನ ಪರವಾಗಿ ಕ್ಷಮೆ ಕೇಳುತ್ತಲೇ ಇದ್ದರು.

ಎರಡು ವಾರದ ನಂತರ ದ್ವಾರಕಾನಾಥರ ಗರಾಜಿಗೆ ಸಿದ್ಧಾರೂಢ ಬಂದರು. ಧಾರವಾಡದವರು, ಲಿವರ್‌ಮೋರಿನಲ್ಲಿ ಸಣ್ಣ ವಿಮಾನಗಳ ರಿಪೇರಿ ಅಂಗಡಿ ಇಟ್ಟವರು. ಮನೆಯಲ್ಲಿ ವಿಮಾನ ಕಟ್ಟುವವರ ಕೆಲಸವನ್ನು ಬಿಡುವಿನ ದಿನ ನೋಡಿಕೊಟ್ಟು ಸಲಹೆ ಹೇಳುವುದು ಅವರ ರೂಢಿ. ರೆಕ್ಕೆಯೊಳಗೆ ಪಕ್ಕೆಲುಬಿನ ಹಾಗೆ ಸಾಲಾಗಿ ಕೂರುವ ತಗಡಿನ ಭಾಗಗಳಿಗೆ ರಿಬ್ ಎನ್ನುತ್ತಾರೆ. ಅವರು ಒಂದು ರಿಬ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಸರ, ಇದನ್ನ ಯಾವ್ದರ ಮ್ಯಾಲೆ ತಿಕ್ಕೀರಿ?"

"ಗ್ರೈಂಡರ್ ಮೇಲೆ. ಯಾಕೆ?"

"ಈ ಗೀರು ನೋಡ್ರಿ, ಅಡ್ಡ ಬಿದ್ದಾವ. ಹಾರೂ ಮುಂದ ರೆಕ್ಕಿ ಮ್ಯಾಲೆ ಕೆಳಗ ಆಡ್ತಿರತೈತಿ. ಸಾವಿರಾರು ಸಲ ಬಾಗಿ ಎದ್ದ ಮ್ಯಾಲೆ ಬಿರುಕು ಎಲ್ಲಿಂದ ಶುರು ಆಗತೈತಿ ಅಂದ್ರ, ಇಂಥ ಗೀರಿನಿಂದನ. ಅಂಚು ಗಾಜಿನಂಗ ಇರಬೇಕ್ರಿ."

ಆ ಸಂಜೆ ದ್ವಾರಕಾನಾಥರೇ ರತ್ನಾವತಿಯವರ ಮನೆ ಬಾಗಿಲಿಗೆ ಬಂದರು. ಒಳಗೆ ಬಂದು ಕೂರಲಿಲ್ಲ. "ನೀವು ಹೇಳಿದ್ದು ಸರಿ ಇತ್ತು. ನಾನು ಕೇಳಬೇಕಾಗಿತ್ತು. ಒಂದ್ಸಲ ಬಂದು ನೋಡ್ತೀರಾ?" ಎಂದರು.

ಮರುದಿನ ರತ್ನಾವತಿಯವರು ಹಳೆಯ ಏಪ್ರನ್ ಕಟ್ಟಿ, ಕಣ್ಣಿಗೂ ಮೂಗಿಗೂ ರಕ್ಷಣೆ ಹಾಕಿಕೊಂಡು ಬಂದರು. ಮೊದಲು ಸಾಣೆಕಲ್ಲನ್ನು ಬಿಚ್ಚಿ ಕೆಳಗಿಟ್ಟರು. ಅದರ ಜಾಗಕ್ಕೆ ಬೇಕಾದದ್ದು ಪಾತ್ರೆ ತಿಕ್ಕುವ ನಾರಿನಂಥ ವಸ್ತುವನ್ನು ಒತ್ತಿ ಮಾಡಿದ ಚಕ್ರ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅದರಲ್ಲೇ ಗಟ್ಟಿಯದು, ಮೆತ್ತನೆಯದು, ಒರಟು, ನಯ ಎಂದು ಹತ್ತು ಬಗೆ. ಯಾವುದು ಎಂದು ಕೇಳಿದರೆ, "ಗೊತ್ತಿಲ್ಲ ಸರ್, ಮಾಡಿ ನೋಡ್ಬೇಕು," ಎಂದರು.

ನಾಲ್ಕು ಬಗೆ ತರಿಸಿದರು. ಪ್ರತಿ ಚಕ್ರದ ಮೇಲೆ ಬರೆದಿದ್ದ ಗರಿಷ್ಠ ವೇಗವನ್ನು ಗ್ರೈಂಡರಿನ ವೇಗದೊಡನೆ ಹೋಲಿಸಿ ನೋಡಿದ ಮೇಲೆಯೇ ಹಾಕಿದರು. ರಿಬ್ಬಿನಷ್ಟೇ ದಪ್ಪದ ಚೂರು ತಗಡುಗಳನ್ನು ಕತ್ತರಿಸಿ, ಒಂದೊಂದು ಚಕ್ರಕ್ಕೂ ಹತ್ತು ಚೂರು ಹಿಡಿದರು. ಕತ್ತರಿಸುವಾಗ ಅಂಚಿನಲ್ಲೆದ್ದ ಮುಳ್ಳುಗಳನ್ನು ಒರಟು ಚಕ್ರವೇನೋ ಬೇಗ ತೆಗೆಯಿತು, ಆದರೆ ತನ್ನದೇ ಗೀರುಗಳನ್ನು ಬಿಟ್ಟಿತು. ಬಹಳ ಗಟ್ಟಿಯದು ಅಂಚನ್ನು ಬಿಸಿ ಮಾಡಿ ಒಂದು ಕಡೆಗೆ ಮಡಿಸಿತು. ಬಹಳ ಮೆತ್ತನೆಯದು ತಗಡಿನ ಮೂಲೆಗೆ ಸಿಕ್ಕಿ ತಾನೇ ಹರಿದು ಉದುರಿತು. ಮಧ್ಯಮ ಗಟ್ಟಿಯ, ನಯವಾದ ಚಕ್ರವೇ ಹೊಂದಿತು. ಹತ್ತೂ ಚೂರಿನ ಅಂಚಿನ ಮೇಲೆ ಅವರು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರು.

"ಒತ್ತಬಾರ್ದು. ಹೀಗೆ ಮುಟ್ಟಿಸಿ ಜಾರಿಸ್ತಾ ಹೋಗ್ಬೇಕು. ಕೊನೆಗೆ ಕೈಯಲ್ಲಿ ಉದ್ದಕ್ಕೆ ಒಮ್ಮೆ ಉಜ್ಜುವುದು, ಅಡ್ಡಕ್ಕೆ ಅಲ್ಲ," ಎಂದು ದ್ವಾರಕಾನಾಥರ ಕೈಗೆ ತಗಡು ಕೊಟ್ಟು ಕಲಿಸಿದರು.

ಅಂದಿನಿಂದ ವಾರಕ್ಕೆ ನಾಲ್ಕು ಬೆಳಿಗ್ಗೆ ಅವರು ಗರಾಜಿನಲ್ಲಿರುತ್ತಿದ್ದರು. ಪ್ರಣೀತಾಗೆ ಇದು ಅರ್ಥವಾಗಲಿಲ್ಲ. "ಅಮ್ಮಾ, ಯು ಡೋಂಟ್ ಈವನ್ ಲೈಕ್ ಫ್ಲೈಯಿಂಗ್," ಎಂದಳು. "ಹಾರುವುದು ಅವ್ರು. ನನಗೆ ಅಂಚು ಸಾಕು," ಎಂದರು ರತ್ನಾವತಿ.

ರಿಬ್ಬಿನ ಮಡಿಕೆಗಳ ನಡುವಿನ ಕಿರಿದಾದ ಸಂದಿಗಳಿಗೆ ದೊಡ್ಡ ಚಕ್ರ ಹೋಗುತ್ತಿರಲಿಲ್ಲ. ಅವರಿಗೆ ಕಪಾಟಿನಲ್ಲಿದ್ದ ಲ್ಯಾಬಿನ ಡಬ್ಬಿ ನೆನಪಾಯಿತು. ಅದರಲ್ಲಿನ ಒಂದು ಸಣ್ಣ ನಾರಿನ ಚಕ್ರ ಸರಿಯಾಗಿ ಹಿಡಿಯಿತು. ಅದರಿಂದ ಹದಿಮೂರು ರಿಬ್‌ಗಳನ್ನು ಮುಗಿಸಿ ಗೋಡೆಗೆ ಸಾಲಾಗಿ ತೂಗುಹಾಕಿದರು. ಅಷ್ಟರಲ್ಲಿ ದ್ವಾರಕಾನಾಥ ದಂಪತಿ ಮಗಳು ನಿಹಾರಿಕಾಳ ಬಾಣಂತನಕ್ಕೆಂದು ಸಿಯಾಟಲ್‌ಗೆ ಹೊರಟರು. ಗಿಡಗಳಿಗೆ ನೀರು ಹಾಕಲು ಕೀಲಿಕೈ ರತ್ನಾವತಿಯವರ ಬಳಿ ಬಿಟ್ಟರು.

ಅದು ಜನವರಿ. ವಾರಗಟ್ಟಲೆ ಮಂಜು, ಜಡಿಮಳೆ. ಗರಾಜಿನ ನೆಲವೇ ಬೆವರುತ್ತಿತ್ತು. ಮೂರನೆಯ ವಾರ ನೀರು ಹಾಕಿ, ಅಭ್ಯಾಸದಂತೆ ರಿಬ್‌ಗಳ ಮೇಲೆ ಕಣ್ಣಾಡಿಸಿದವರಿಗೆ ಒಂದರ ಸಂದಿಯಲ್ಲಿ ಸಾಸಿವೆಯ ಚೂರಿನಷ್ಟು ಕಂದು ಚುಕ್ಕೆ ಕಂಡಿತು. ಬೆರಳಿನಿಂದ ಒರೆಸಿದರು, ಹೋಯಿತು. ಮನೆಗೆ ಹೋಗಿ ಭೂತಗನ್ನಡಿ ತಂದು ನೋಡಿದರು. ಚುಕ್ಕೆಯಿದ್ದ ಕಡೆ ಸೂಜಿ ಚುಚ್ಚಿದಂಥ ಕುಳಿ. ಹದಿಮೂರರಲ್ಲೂ ಅದೇ, ಸಣ್ಣ ಚಕ್ರ ಹೋದ ಕಡೆಯಲ್ಲೇ.

ಅಲ್ಯೂಮಿನಿಯಂಗೆ ಕಂದು ತುಕ್ಕು ಬರುವುದಿಲ್ಲ. ಉಕ್ಕಿಗೆ ಬರುತ್ತದೆ. ಲ್ಯಾಬಿನಲ್ಲಿ ಅದೇ ಚಕ್ರದಿಂದ ಉಕ್ಕಿನ ಉಪಕರಣಗಳನ್ನು ಉಜ್ಜಿದ್ದು ಅವರಿಗೆ ಆಗ ಹೊಳೆಯಿತು. ನಾರಿನಲ್ಲಿ ಉಳಿದಿದ್ದ ಉಕ್ಕಿನ ಪುಡಿಯನ್ನು ತಾವೇ, ತಮ್ಮ ಕೈಯಾರೆ, ರೆಕ್ಕೆಯ ಭಾಗಗಳಿಗೆ ಒತ್ತಿ ಕೂರಿಸಿದ್ದರು. ಅದು ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ತಗಡನ್ನು ತಿಂದಿತ್ತು.

ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಒರೆಸಿದರೆ ಯಾರಿಗೂ ಕಾಣುವುದಿಲ್ಲ. ದ್ವಾರಕಾನಾಥರು ಮರಳಿದ ಮೇಲೆ ಬಣ್ಣ ಬೀಳುತ್ತದೆ, ಆಮೇಲೆ ರೆಕ್ಕೆಯೇ ಮುಚ್ಚುತ್ತದೆ. ಆ ಯೋಚನೆ ಬಂದದ್ದು ನಿಜ ಎಂದು ಅವರೇ ಆಮೇಲೆ ಗುರುದತ್‌ಗೆ ಹೇಳಿದರು. ಕಾಲು ಗಂಟೆ ಕೂತಿದ್ದು, ಹದಿಮೂರನ್ನೂ ಗೋಡೆಯಿಂದ ಇಳಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬದಿಗಿಟ್ಟು, ಸಿಯಾಟಲ್‌ಗೆ ಫೋನ್ ಮಾಡಿದರು.

"ಸರ್, ನಾನು ನಿಮ್ಮ ರಿಬ್ಬು ಹಾಳು ಮಾಡಿದೆ."

ಎಲ್ಲ ಕೇಳಿ ದ್ವಾರಕಾನಾಥರು ಕುಳಿ ಎಷ್ಟು ದೊಡ್ಡದು ಎಂದು ವಿಚಾರಿಸಿದರು. ಹಿಂದಿನಿಂದ ಮಗುವಿನ ಅಳು ಕೇಳುತ್ತಿತ್ತು. "ಅಷ್ಟು ಸಣ್ಣದಾದ್ರೆ ಪೇಂಟ್ ಹೊಡೆದ್ರೆ ಸರಿಹೋಗುತ್ತೇನೋ," ಎಂದರು ಕೊನೆಗೆ.

"ಇಲ್ಲ ಸರ್. ಪೇಂಟಿನ ಅಡಿಯಲ್ಲೂ ಅದು ತಿನ್ತಾ ಹೋಗ್ತದೆ. ಅದ್ರಲ್ಲಿ ಕೂರುವುದು ನೀವು. ಸಿದ್ಧಾರೂಢರಿಗೆ ತೋರಿಸದೆ ನಾನು ಒಂದೂ ಕೊಡುವುದಿಲ್ಲ."

ಆ ಭಾನುವಾರ ಸಿದ್ಧಾರೂಢ ಬಂದು ಎರಡು ತಾಸು ನೋಡಿದರು. ಒಂಬತ್ತರಲ್ಲಿ ಕುಳಿ ತೀರಾ ಮೇಲ್ಮೈಯಲ್ಲಿತ್ತು. ಉಜ್ಜಿ ತೆಗೆದು, ದಪ್ಪ ಅಳೆದು, ಉಳಿಸಿಕೊಳ್ಳಬಹುದು ಎಂದರು. ನಾಲ್ಕನ್ನು ಪಕ್ಕಕ್ಕಿಟ್ಟು ಕಪ್ಪು ಶಾಯಿಯಲ್ಲಿ ಗೆರೆ ಎಳೆದರು.

"ಇದನ್ನ ಯಾರು ಕಂಡು ಹಿಡಿದ್ರಿ?" ಎಂದು ಕೇಳಿದರು.

"ನಾನೇ. ತಪ್ಪು ಮಾಡಿದ್ದೂ ನಾನೇ."

"ಮಾಡೋರು ಭಾಳ ಮಂದಿ ಇದ್ದಾರ್ರೀ ಅಕ್ಕಾರ. ಫೋನ್ ಹಚ್ಚೋರು ಕಡಿಮಿ." ಅಷ್ಟು ಹೇಳಿ ಅವರು ಭೂತಗನ್ನಡಿ ಇಸಿದುಕೊಂಡು ತಮ್ಮ ಕಣ್ಣಿಗೂ ಹಾಕಿ ನೋಡಿದರು.

ಹೊಸ ನಾಲ್ಕು ರಿಬ್ ಬಂದವು. ಲ್ಯಾಬಿನ ಡಬ್ಬಿಯನ್ನು ರತ್ನಾವತಿಯವರು ಕಸಕ್ಕೆ ಹಾಕಿದರು. ಹೊಸ ಚಕ್ರಗಳಿಗೆಲ್ಲ ಟೇಪು ಅಂಟಿಸಿ "ಅಲ್ಯೂಮಿನಿಯಂ ಮಾತ್ರ" ಎಂದು ಕನ್ನಡದಲ್ಲೇ ಬರೆದರು. ದ್ವಾರಕಾನಾಥರು ಒಮ್ಮೆ ಅವಸರದಲ್ಲಿ ಉಕ್ಕಿನ ಬೋಲ್ಟೊಂದನ್ನು ಅದಕ್ಕೆ ಹಿಡಿಯಲು ಹೋದಾಗ, ರತ್ನಾವತಿಯವರು ಗ್ರೈಂಡರಿನ ಪ್ಲಗ್ಗನ್ನೇ ಕಿತ್ತರು.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ, ತಪಾಸಣೆಯೆಲ್ಲ ಮುಗಿದ ಮೇಲೆ, ಲಿವರ್‌ಮೋರಿನಿಂದ ವಿಮಾನ ಹಾರಿತು. ಮೊದಲ ತಿಂಗಳುಗಳ ಪರೀಕ್ಷೆಯಲ್ಲಿ ಬೇರೆಯವರನ್ನು ಕೂರಿಸುವಂತಿರಲಿಲ್ಲ. ಅದು ಮುಗಿದ ಮೇಲೆ ವಸುಧಾ ಮೊದಲು ಹೋಗಿ ಬಂದರು, ಎರಡನೆಯವರು ರತ್ನಾವತಿ. ಕೆಳಗೆ ಬೆಟ್ಟಗಳು, ಆಚೆ ಸಮುದ್ರದಂಚಿನ ಉಪ್ಪಿನ ಮಡಿಗಳು ಕೆಂಪಾಗಿ ಕಂಡವು. ಅವರು ಹೆಚ್ಚು ನೋಡಿದ್ದು ಪಕ್ಕದ ರೆಕ್ಕೆಯನ್ನೇ. ಇಪ್ಪತ್ತು ನಿಮಿಷಕ್ಕೆ ಹೊಟ್ಟೆ ತೊಳಸಿ ಇಳಿಯೋಣವೆಂದರು.

"ಇನ್ನೊಂದ್ಸಲ ಬರ್ತೀರಾ?" ಎಂದರು ದ್ವಾರಕಾನಾಥರು, ಕೆಳಗಿಳಿದ ಮೇಲೆ.

"ಬರ್ತೇನೆ. ಇಡ್ಲಿ ತಿಂದು ಅಲ್ಲ."

ಈಗ ರತ್ನಾವತಿಯವರು ವಾರಕ್ಕೆ ಮೂರು ದಿನ ಸಿದ್ಧಾರೂಢರ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಫ್ರೀವೇಯಲ್ಲಿ ಕಾರುಗಳು ತುಂಬುವ ಮೊದಲೇ ಮನೆ ಬಿಡುತ್ತಾರೆ. ಅಲ್ಲಿ ಕಿಟಕಿಯ ಪಕ್ಕದಲ್ಲಿ ಅವರದೇ ಮೇಜಿದೆ. ವಿಮಾನ ಕಟ್ಟುವ ಹೊಸಬರು ಶನಿವಾರ ಚೂರು ತಗಡು ಹಿಡಿದು ಬಂದು ಯಾವ ಚಕ್ರ ತರಲಿ ಎಂದು ಕೇಳುತ್ತಾರೆ. ಅವರು ಉತ್ತರ ಹೇಳುವ ಮೊದಲು, ನಿಮ್ಮ ಹತ್ತಿರ ಈಗಿರುವ ಚಕ್ರ ಹಿಂದೆ ಯಾವುದನ್ನು ಉಜ್ಜಿತ್ತು ಎಂದು ಕೇಳುತ್ತಾರೆ.