ಹಗ್ಗದ ತುದಿಗೆ ಕೂತ ದತ್ತಾ

ನನ್ನ ಅಣ್ಣ ದತ್ತಾನಿಗೆ ಮನೆ ಇಲ್ಲ ಅಂತ ನನ್ನ ತವರೂರು ಅವರ್ಸಾದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಮನೆ ಅದೆ. ಅದಕ್ಕೆ ಆರು ಗಾಲಿ ಅದೆ, ಸ್ಟೇರಿಂಗ್ ಅದೆ, ಹಿಂದುಗಡೆ ‘ಹಾರ್ನ್ ಹೊಡೆಯಿರಿ’ ಅಂತ ಬರೆದದ್ದೂ ಅದೆ. ಕಾರವಾರದ ಬಂದರದಿಂದ ಹುಬ್ಬಳ್ಳಿಗೆ ವರ್ಷಗಟ್ಟಲೆ ಮೀನು ಹೊತ್ತ ಟೆಂಪೊ ಅದು. ಮೊದಲು ಬಂಗಡೆ, ತಾರ್ಲೆ ಮಲಗುತ್ತಿದ್ದ ಜಾಗದಲ್ಲಿ ಈಗ ದತ್ತಾ ಮಲಗುತ್ತಾನೆ.

ಹೇಗೆ ಅಂತ ಕೇಳಿ. ಹೆದ್ದಾರಿ ಅಗಲ ಮಾಡುವಾಗ ನಮ್ಮ ತವರುಮನೆಯ ಮುಂದಿನ ಅರ್ಧ ಹೋಯ್ತು. ಜಗಲಿ, ನಡುಮನೆ, ದೇವರ ಕೋಣೆ ಎಲ್ಲ ಹೋಗಿ ಹಿಂದಿನ ಅಡುಗೆಮನೆ, ಬಾವಿ, ಒಂದಿಷ್ಟು ತೆಂಗಿನಮರ ಉಳಿದವು. ಅಪ್ಪ ಇರುವಾಗಲೇ ಮಾಡಿಟ್ಟ ಹಿಸೆಯಲ್ಲಿ ಮುಂದಿನ ಅರ್ಧ ದತ್ತಾನದು, ಹಿಂದಿನದು ತಮ್ಮ ಕಿಶನನದು. ಕಿಶನ ಕೆಟ್ಟವನಲ್ಲ, ಒಟ್ಟಿಗೇ ಇರುವಾ ಅಂತ ಮೂರು ಸಲ ಹೇಳಿದ. ದತ್ತಾ ಅಂದದ್ದು ಇಷ್ಟೇ: “ನನ್ನ ಹಿಸೆ ರಸ್ತೆ ಆಗದೆ. ನಾನು ರಸ್ತೆ ಮೇಲೇ ಇರ್ತೇನೆ.” ಅಂದವನು ನಗಲಿಲ್ಲ. ಅವನು ನಗೂದಿಲ್ಲ. ತನ್ನ ಮದುವೆಯ ಫೋಟೋದಲ್ಲೂ ಟಯರ್ ಪಂಕ್ಚರ್ ಆದವನ ಹಾಗೆ ನಿಂತಿದ್ದಾನೆ.

ಅದರ ಹಿಂದಿನ ಮಳೆಗಾಲದಲ್ಲಿ ಅತ್ತಿಗೆ ಚಂಪಾ ತೀರಿಹೋಗಿದ್ದಳು. ಅವಳು ಮೀನು ಕೊಯ್ಯುವಾಗ ಎದುರಿಗೆ ಕೂತು ತಲೆ, ಕರುಳು ತಿನ್ನುತ್ತಿದ್ದ ಒಂದು ಹೆಣ್ಣುನಾಯಿ ಇತ್ತು. ಅದಕ್ಕೆ ಬಂಗಡೆ ಅಂತ ಹೆಸರಿಟ್ಟವಳೂ ಅವಳೇ. ಚಂಪಾ ಹೋದ ಮೇಲೆ ಬಂಗಡೆ ಟೆಂಪೊ ಹತ್ತಿ ಕೂತಿತು, ಇಳಿಸಿದರೆ ಮತ್ತೆ ಹತ್ತಿತು. ಹಾಗೆ ದತ್ತಾನ ಸಂಸಾರ ಶುರುವಾಯ್ತು. ಎರಡನೆಯ ನಾಯಿ ನೊಗಲಿ, ಅದೂ ಮೀನಿನ ಹೆಸರೇ, ಯಲ್ಲಾಪುರದ ಘಟ್ಟದಲ್ಲಿ ತಾನಾಗಿ ಟೆಂಪೊಗೆ ಹಾರಿ ಬಂದದ್ದು. ಅದನ್ನು ಯಾರೂ ಕರೆದಿರಲಿಲ್ಲ, ವಾಸನೆ ಕರೆದಿತ್ತು. ಆ ಟೆಂಪೊವನ್ನು ಸಾಬೂನು ಹಾಕಿ, ಫಿನಾಯಿಲ್ ಹಾಕಿ, ಹುಣಸೆಹಣ್ಣು ಹಾಕಿ ನಾನೇ ತೊಳೆದಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ. ಅವನು ಯಾವ ಊರಲ್ಲಿ ನಿಂತರೂ ಆ ಊರಿನ ನಾಯಿಗಳೆಲ್ಲ ಸಭೆಗೆ ಬಂದ ಹಾಗೆ ಸುತ್ತ ಕೂರ್ತವೆ.

ನಾಲ್ಕು ವರ್ಷ ಹೀಗೇ ತಿರುಗಿದ. ಮುಂಡಗೋಡ, ಹಳಿಯಾಳದ ಕಡೆ ಕೆರೆಗಳು ಬಹಳ. ಒಂದು ಕೆರೆದಂಡೆಯಲ್ಲಿ ಸ್ವಲ್ಪ ದಿನ, ಇನ್ನೊಂದರಲ್ಲಿ ಸ್ವಲ್ಪ ದಿನ. ನಿಂತಲ್ಲಿ ಗಾಲಿಗೆ ಕಲ್ಲು ಒಡ್ಡುತ್ತಿದ್ದ, ಕಲ್ಲು ತೆಗೆದನೆಂದರೆ ಹೊರಟ ಅಂತ ಅರ್ಥ. ಕಡಲಿನ ಮಗ ಆಗಿ ಕೆರೆಗೆ ಯಾಕೆ ಹೋಗಿ ಬೀಳ್ತೆ ಮಾರಾಯಾ ಅಂತ ನಾನು ಕೇಳಿದ್ದೆ. ಉಪ್ಪುಗಾಳಿಗೆ ಬಾಡಿ ತುಕ್ಕು ಹಿಡೀತದೆ ಅಂದ. ಅದು ಒಂದು ಕಾರಣ. ಇನ್ನೊಂದು ಅವನು ಹೇಳಲಿಲ್ಲ, ನಾನೇ ಹೇಳ್ತೇನೆ. ಕಡಲದಂಡೆಯಲ್ಲಿ ಗಾಡಿ ನಿಲ್ಲಿಸಿದರೆ ಹೆಜ್ಜೆಗೊಬ್ಬ ನೆಂಟ ಸಿಗ್ತಾನೆ, ಸಿಕ್ಕವನು ಚಂಪಾಳ ಸುದ್ದಿ ತೆಗೀತಾನೆ. ಕೆರೆದಂಡೆಯಲ್ಲಿ ಚಂಪಾ ಯಾರಿಗೂ ಗೊತ್ತಿಲ್ಲ.

ಒಂದು ಸಲ ಪುಣೆಯ ಗಂಡ-ಹೆಂಡತಿ ಇವನ ಪಕ್ಕಕ್ಕೇ ಬಂದು ನಿಂತರಂತೆ. ಅವರದು ದೊಡ್ಡ ಕ್ಯಾರವಾನ್, ಒಳಗೆ ಫ್ರಿಜ್, ಶವರ್, ಮಲಗುವ ಕೋಣೆ, ಉಣ್ಣೆಯ ಅಂಗಿ ಹಾಕಿದ ಒಂದು ನಾಯಿ. ಈ ಜೀವನ ಯಾವಾಗ ಆರಿಸಿಕೊಂಡಿರಿ ಅಂತ ಇವನನ್ನು ಕೇಳಿದರು. ಹೆದ್ದಾರಿ ಅಗಲ ಮಾಡಿದಾಗ ಅಂದ. ಶೌಚಾಲಯ ಎಲ್ಲಿ ಅಂತ ಕೇಳಿದರು. ಗುಡ್ಡೆ ತೋರಿಸಿದ. ಹೊರಡುವ ದಿನ ಅವರ ನಾಯಿ ಇವನ ಟೆಂಪೊ ಇಳಿಯಲಿಲ್ಲ. ಅದರ ಉಣ್ಣೆಯ ಅಂಗಿ ಹಿಡಿದೆಳೆದು ಒಯ್ದರಂತೆ.

ಆಮೇಲೆ ಬಂಗಡೆಯ ಕಣ್ಣು ಹೋಯ್ತು.

ಮುದಿಯಾಗಿತ್ತು ಅದು. ಮೊದಲು ಒಂದು ಕಣ್ಣು ಬೆಳ್ಳಗಾಯ್ತು, ಮರುವರ್ಷ ಇನ್ನೊಂದು. ಹೊಸ ಜಾಗದಲ್ಲಿ ಇಳಿಸಿದರೆ ಕಲ್ಲಿಗೆ ಹಾಯುತ್ತಿತ್ತು, ಗುಂಡಿಗೆ ಬೀಳುತ್ತಿತ್ತು. ಕೊನೆಗೆ ದತ್ತಾ ಊರ ಹತ್ತಿರ ತಿರುಗಿ ಬಂದು ಹಟ್ಟಿಕೇರಿಯಾಚೆಯ ಜಟಗನ ಕೆರೆಯ ದಂಡೆಯಲ್ಲಿ ಟೆಂಪೊ ನಿಲ್ಲಿಸಿದ. ಅಲ್ಲಿ ಬಂಗಡೆ ದಾರಿ ಕಲಿತುಬಿಟ್ಟಿತು. ಟೆಂಪೊ ಇಳಿದು ಮೂಗು ನೆಲಕ್ಕೆ ಹಚ್ಚಿ ಕೆರೆ ಕಾಯುವ ದೇವರು ಜಟಗನ ಕಲ್ಲಿನವರೆಗೆ, ಕಲ್ಲು ಬಳಸಿ ಮೆಟ್ಟಿಲು, ಮೆಟ್ಟಿಲಿಳಿದು ನೀರು, ಕುಡಿದು ಅದೇ ದಾರಿಯಲ್ಲಿ ವಾಪಸ್ಸು. ಯಾರೂ ಹಿಡಿಯಬೇಕಾಗಿಲ್ಲ. ಯಜಮಾನ್ತಿ ಬಾವಿಗೆ ಹೋಗಿ ಬಂದ ಹಾಗೆ ಹೋಗಿ ಬರ್ತಿತ್ತು. ಅದನ್ನು ನೋಡಿದ ಮೇಲೆ ದತ್ತಾ ಗಾಡಿ ಶುರು ಮಾಡಲಿಲ್ಲ. ಗಾಲಿಗೆ ಒಡ್ಡಿದ ಕಲ್ಲಿನ ಸುತ್ತ ಹುಲ್ಲು ಬೆಳೀತು. ಮನೆಯಲ್ಲಿ ನಿಲ್ಲದ ಮನುಷ್ಯ ನಾಯಿಯ ದೆಸೆಯಿಂದ ಒಂದು ಕಡೆ ನಿಂತ.

ಆ ಕೆರೆ ಊರ ರೈತರದು. ನೀರು ಗದ್ದೆಗೆ. ಮೀನಿನ ಮರಿ ಬಿಟ್ಟು, ಬೇಸಿಗೆ ಕೊನೆಗೆ ಬಲೆ ಎಳೆದು ಹಂಚಿಕೊಳ್ತಾರೆ. ಅದನ್ನೆಲ್ಲ ನೋಡಿಕೊಳ್ಳುವವನು ಬೀರಾ. ನಾನು ಮೀನು ಮಾರುವ ಅಂಕೋಲೆ ಪೇಟೆಯಲ್ಲಿ ವಾರಕ್ಕೊಮ್ಮೆ ನನ್ನ ಹತ್ತಿರವೇ ಒಯ್ಯುವ ಗಿರಾಕಿ. ಚೌಕಾಸಿ ಮಾಡ್ತಾನೆ, ಆದರೆ ಮರ್ಯಾದಸ್ಥ. ಅವನ ಕರುವನ್ನು ನೊಗಲಿ ಅಟ್ಟಿಸಿಕೊಂಡು ಹೋಗಿ ಕೆರೆಗೆ ಬೀಳಿಸಿತು. ಒಂದು ಸಲ ಅಲ್ಲ, ಎರಡು ಸಲ. ಎರಡನೆಯ ಸಲ ಬೀರಾ ಬಂದು, ಬಲೆ ಎಳೆಯುವ ದಿನದೊಳಗೆ ಜಾಗ ಖಾಲಿ ಮಾಡು ಅಂದ. ಬೇರೆ ಯಾರಾದರೂ ಆಗಿದ್ದರೆ ಕಾಲು ಹಿಡೀತಿದ್ದರು, ಇಲ್ಲ ಜಗಳ ತೆಗೀತಿದ್ದರು. ನಮ್ಮ ಮಹಾಶಯ ‘ಆಯ್ತು’ ಅಂದ. ಬಲೆಯ ಹಿಂದಿನ ದಿನ ಗಾಲಿಯ ಕಲ್ಲು ತೆಗೆದಿಟ್ಟು ನನಗೆ ಫೋನ್ ಮಾಡಿದ.

“ನಾಳೆ ಹೊರಡ್ತೇನೆ ಯಶೋದಾ. ಬಂಗಡೆಗೆ ಇನ್ನೂ ಹೇಳಲಿಲ್ಲ.”

ನನಗೆ ಕೋಪ ನೆತ್ತಿಗೇರಿತು. ಭಾವಿಕೇರಿಯಲ್ಲಿ ನಾನು ಮನೆ ಕಟ್ಟಿಕೊಂಡು ಕೂತದ್ದು ಯಾರಿಗೆ? ಎರಡೂ ನಾಯಿ ಕರ್ಕೊಂಡು ಬಾ, ಸೊಸೆ ಪ್ರಗತಿ ತಾನೇ ಹೇಳಿದ್ದಾಳೆ ಅಂದೆ. ಅವನು ಮನೆಯೆದುರು ಬಸ್ಸು ಓಡ್ತದಲ್ಲ ಅಂದ. ಓಡ್ತದೆ, ಬಸ್ಸು ಓಡದೆ ಮತ್ತೆಂತ ಮಾಡ್ತದೆ ಅಂದೆ. ಇನ್ನೊಂದು ಜಾಗ ಕಲಿಯುವಷ್ಟು ದಿನ ಬಂಗಡೆಗಿಲ್ಲ ಅಂತ ಹೇಳಿ ಫೋನ್ ಇಟ್ಟ. ಆಮೇಲೆ ನಾನು ಕೊಯ್ಯುತ್ತಿದ್ದ ಮೀನನ್ನು ಹಾಗೇ ಬಿಟ್ಟು ಕೂತೆ. ಆ ನಾಯಿ ಚಂಪಾಳ ಕೊನೆಯ ದಿನ ಬಾಗಿಲಲ್ಲಿ ಮಲಗಿದ್ದು ನಾನೂ ನೋಡಿದವಳು.

ಮರುದಿನ ಬುಟ್ಟಿ ಅರ್ಧ ಖಾಲಿಯಾಗುವಾಗ ಬೀರಾನ ಫೋನ್. ನಿನ್ನ ಅಣ್ಣ ಧರಣಿ ಕೂತಿದ್ದಾನೆ, ಏಳೂದಿಲ್ಲ, ಮಾತಾಡೂದಿಲ್ಲ, ನೀನೇ ಬಂದು ಎಬ್ಬಿಸು, ನಮಗೆ ಪೊಲೀಸರನ್ನು ಕರೆಯಲು ಮನಸ್ಸಿಲ್ಲ ಅಂದ.

ದತ್ತಾ ಮತ್ತು ಧರಣಿ! ಓಟು ಹಾಕಲು ಸಾಲಿನಲ್ಲಿ ನಿಲ್ಲಲಿಕ್ಕೇ ಬೇಜಾರು ಪಡುವ ಜೀವ. ಉಳಿದ ಮೀನನ್ನು ಪಕ್ಕದಲ್ಲಿ ಮಾರುವ ಗಾಯತ್ರಿಯ ಬುಟ್ಟಿಗೆ ಸುರಿದು, ಖಾಲಿ ಬುಟ್ಟಿಯ ಸಮೇತ ರಿಕ್ಷಾ ಹತ್ತಿದೆ.

ನಡೆದದ್ದು ಏನೆಂದರೆ, ಆ ದಿನ ಬೆಳಿಗ್ಗೆ ದತ್ತಾ ಪಾತ್ರೆಪಗಡೆ ಕಟ್ಟಿಟ್ಟು, ಬಂಗಡೆ ಕೊನೆಯ ಸಲ ನೀರು ಕುಡಿದು ಬರಲಿ ಅಂತ ಕಾಯುತ್ತಿದ್ದ. ಆಚೆ ಬಲೆ ಎಳೀತಿದ್ದರು. ರೈತರ ಕೈ, ಬಲೆಯ ಕೈ ಅಲ್ಲ. ಒಂದು ಕಡೆಯವರು ಎಳೆದರೆ ಇನ್ನೊಂದು ಕಡೆಯವರು ಬೀಡಿ ಹಚ್ಚುತ್ತಿದ್ದರು. ಬಲೆ ಕೆಸರಲ್ಲಿ ಕಚ್ಚಿ ನಿಂತಿತು. ದತ್ತಾ ಲುಂಗಿ ಎತ್ತಿ ಕಟ್ಟಿ ಹೋಗಿ ಹಗ್ಗ ಹಿಡಿದ. ಯಾರನ್ನೂ ಕೇಳಲಿಲ್ಲ. ನಮ್ಮ ಕಡಲದಂಡೆಯಲ್ಲಿ ಕೇಳುವ ಪದ್ಧತಿ ಇಲ್ಲ. ರಂಪಣಿ ಬಲೆ ಎಳೆಯುವುದು ಕಣ್ಣಿಗೆ ಬಿದ್ದರೆ ಮದುವೆಗೆ ಹೊರಟವನೂ ಅಂಗಿ ಬಿಚ್ಚಿಟ್ಟು ಹಗ್ಗಕ್ಕೆ ಕೈ ಹಾಕ್ತಾನೆ. ನೊಗಲಿಯೂ ಹಗ್ಗದ ಬಾಲವನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಹಿಂದಕ್ಕೆ ನಡೆಯಿತಂತೆ. ಎಡಗಡೆಯವರು ನಿಲ್ಲಿ, ಬಲಗಡೆಯವರು ಎಳೀರಿ ಅಂತ ಇವನು ಕೈಯಲ್ಲೇ ತೋರಿಸಿದ. ಬಲೆ ಬಂತು. ಮೀನೂ ಬಂತು, ಹಿಂದಿನ ಯಾವ ವರ್ಷವೂ ಬಾರದಷ್ಟು.

ಇನ್ನು ಮುಂದಿನದು. ಹಗ್ಗ ಹಿಡಿದವನಿಗೆ ಪಾಲು ಅದೆ. ಆದರೆ ಅದನ್ನು ಬಾಯಿಬಿಟ್ಟು ಕೇಳಬಾರದು. ಕೇಳಿ ತೆಗೆದುಕೊಂಡದ್ದು ಭಿಕ್ಷೆ. ಎಳೆದು ಮುಗಿದ ಮೇಲೆ ಹಗ್ಗದ ತುದಿಗೆ ಸುಮ್ಮನೆ ಕೂರೂದು. ಹಂಚುವವನು ಬಂದು ಎದುರಿಗೆ ಹಾಕ್ತಾನೆ. ಹಾಕುವ ಮೊದಲು ಎದ್ದು ಹೋದರೆ ಬಲೆಗೆ ಅವಮಾನ ಮಾಡಿದ ಹಾಗೆ. ಇದು ಹುಟ್ಟಿದಾಗಿನಿಂದ ನಮಗೆ ಗೊತ್ತು. ಗದ್ದೆ ಉಳುವವರಿಗೆ ಎಲ್ಲಿಂದ ಗೊತ್ತಾಗಬೇಕು? ಅವರು ಊರ ಮನೆಗಳ ಲೆಕ್ಕ ಹಿಡಿದು ಹಂಚಿದರು. ದತ್ತಾ ಊರವನಲ್ಲ. ಅವನು ಹಗ್ಗದ ತುದಿಗೆ ಕೂತೇ ಇದ್ದ.

ನಾನು ಹೋಗಿ ನೋಡಿದಾಗ ಕೆರೆದಂಡೆಯಲ್ಲಿ ಜಾತ್ರೆ. ನಡುವೆ ನನ್ನ ಅಣ್ಣ ಚಕ್ಕಳಮಕ್ಕಳ ಹಾಕಿ, ಮೊಣಕಾಲವರೆಗೆ ಕೆಸರು ಬಳಿದುಕೊಂಡು, ನೀರಿನ ಕಡೆ ನೋಡುತ್ತ ಕೂತಿದ್ದಾನೆ. ಪಕ್ಕದಲ್ಲಿ ನೊಗಲಿ ಅವನ ಹಾಗೇ ಕೂತಿದೆ. ಯಾರೋ ಪುಣ್ಯಾತ್ಮರು ಮಜ್ಜಿಗೆ ತಂದಿಟ್ಟಿದ್ದರು. ಒಬ್ಬ ಮೊಬೈಲಿನಲ್ಲಿ ವಿಡಿಯೊ ಹಿಡೀತಿದ್ದ. ಇವನಿಗೆ ಕರೆಂಟು ಬೇಕಂತೆ ಅಂತ ಒಬ್ಬರು, ದಂಡೆಯ ಜಾಗ ಹೆಸರಿಗೆ ಮಾಡಿಕೊಡಬೇಕಂತೆ ಅಂತ ಇನ್ನೊಬ್ಬರು. ಅವನು ಅಂದದ್ದು ಒಂದೂ ಇಲ್ಲ, ಜನ ಅವನ ಪರವಾಗಿ ಬೇಡಿಕೆ ಪಟ್ಟಿಯನ್ನೇ ತಯಾರು ಮಾಡಿದ್ದರು.

ಕೂತ ರೀತಿ ನೋಡಿದ್ದೇ ನನಗೆ ಅರ್ಥವಾಯ್ತು. ನಗು ಬಂತು, ಸಿಟ್ಟೂ ಬಂತು. ಮೊದಲು ಅಣ್ಣನನ್ನು ಬೈದೆ, ಬಾಯಿ ಬಿಟ್ಟರೆ ಮುತ್ತು ಉದುರ್ತದಾ ಅಂತ. ಆಮೇಲೆ ಬೀರಾನ ಕಡೆ ತಿರುಗಿದೆ.

“ಧರಣಿ ಅಲ್ಲ ಬೀರಣ್ಣ. ನಿಮ್ಮ ಬಲೆ ಎಳೆದಿದ್ದಾನೆ, ಪಾಲಿಗೆ ಕೂತಿದ್ದಾನೆ.”

ನಮ್ಮ ದಂಡೆಯ ಪದ್ಧತಿ ಎಲ್ಲ ಹೇಳಿದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ವಿಡಿಯೊ ಹಿಡಿಯುವವನು ಮೊಬೈಲ್ ಕಿಸೆಗೆ ಹಾಕಿದ. ಇಷ್ಟಕ್ಕೇನಾ ಅಂತ ಬೀರಾ ಮೀನಿನ ರಾಶಿಯ ಕಡೆ ಹೊರಟ. ನಾನು ತಡೆದೆ. ಇನ್ನೊಂದು ಮಾತು ಉಳಿದಿತ್ತು, ಅದನ್ನು ಹೇಳದೆ ಬಿಟ್ಟರೆ ನಾನು ಅವನ ತಂಗಿ ಹೇಗಾದೇನು?

ನಮ್ಮಲ್ಲಿ ಪಾಲು ತಿಂದವನು ಅದೇ ಬಲೆಯ ಮುಂದಿನ ಎಳೆತಕ್ಕೆ ಹಗ್ಗ ಹಿಡಿಯಲೇಬೇಕು. ತಿಂದು ಊರು ಬಿಟ್ಟವನ ಮನೆಗೆ ಹೆಣ್ಣು ಕೊಡೂದಿಲ್ಲ. ಹಾಗಾಗಿ ವಿಚಾರ ಮಾಡಿ ಹಾಕು ಅಂದೆ. ಪಾಲು ಹಾಕದೆ ಇದ್ದರೆ ಇವನು ಏಳೂದಿಲ್ಲ. ಹಾಕಿದರೆ ಹೋಗೂದಿಲ್ಲ.

ಬೀರಾ ನಿಂತುಬಿಟ್ಟ. ತಲೆ ಕೆರೆದುಕೊಂಡ, ಆಚೆ ಕಟ್ಟಿದ್ದ ಕರುವನ್ನು ನೋಡಿದ, ನೊಗಲಿಯನ್ನು ನೋಡಿದ. ನೊಗಲಿಯ ಹಲ್ಲಿನ ಸಂದಿಯಲ್ಲಿ ಹಗ್ಗದ ನಾರು ಇನ್ನೂ ನೇತಾಡುತ್ತಿತ್ತು. ಅಷ್ಟರಲ್ಲಿ ಟೆಂಪೊದ ಕಡೆಯಿಂದ ಬಂಗಡೆ ಇಳಿದು ಬಂತು. ಜನ ಅಂದರೆ ಜನ, ಆದರೂ ಮೂಗು ನೆಲಕ್ಕೆ ಹಚ್ಚಿ, ಜಟಗನ ಕಲ್ಲಿನವರೆಗೆ ಬಂದು, ಬಳಸಿ, ಮೆಟ್ಟಿಲಿಗೆ ತಿರುಗಿತು. ಜನ ತಾವಾಗಿ ಸರಿದು ದಾರಿ ಬಿಟ್ಟರು. ಕುಡಿಯಿತು. ಅದೇ ದಾರಿಯಲ್ಲಿ ವಾಪಸ್ಸು ಹೋಗಿ ಟೆಂಪೊದ ನೆರಳಿಗೆ ಮಲಗಿತು. ದತ್ತಾ ಅದನ್ನೇ ನೋಡುತ್ತಿದ್ದ. ದತ್ತಾನನ್ನು ಬೀರಾ ನೋಡುತ್ತಿದ್ದ.

ಬೀರಾ ರಾಶಿಯ ಹತ್ತಿರ ಹೋಗಿ ಬಾಳೆಲೆ ಹರಿದು ಮೀನು ಆರಿಸಿದ. ಒಂದು ಪಾಲು ತಂದು ದತ್ತಾನ ಎದುರು ಇಟ್ಟ. ಇನ್ನೊಂದನ್ನು, ಚಿಕ್ಕದನ್ನು, ನೊಗಲಿಯ ಎದುರು ಇಟ್ಟ, ಎಳೆದದ್ದು ಎಳೆದಿದೆಯಲ್ಲ ಅಂತ ಗೊಣಗುತ್ತ. ಮೂರನೆಯ ಎಲೆ ಹಿಡಿದುಕೊಂಡು ಟೆಂಪೊದ ನೆರಳಿಗೆ ನಡೆದು, ಬಗ್ಗಿ, ಬಂಗಡೆಯ ಮೂಗಿಗೆ ತಾಗುವ ಹಾಗೆ ಇಟ್ಟ.

ಆವಾಗ ದತ್ತಾ ಆ ದಿನದ ಮೊದಲ ಮಾತು ಆಡಿದ.

“ಅವಳು ಹಗ್ಗ ಮುಟ್ಟಲಿಲ್ಲ ಬೀರಣ್ಣ.”

ಬೀರಾ ಬೆನ್ನು ನೆಟ್ಟಗೆ ಮಾಡಿಕೊಂಡ. ಮುಂದಿನ ಬಲೆ ಅಂದರೆ ಮುಂದಿನ ಬೇಸಿಗೆ. ಆ ನಾಯಿಗೆ ಇನ್ನೊಂದು ಬೇಸಿಗೆ ಇಲ್ಲ ಅಂತ ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು.

“ಮುಂದಿನ ಬಲೆಗೆ ಹಿಡೀಲಿ,” ಅಂದ.

ನಾನು ಬುಟ್ಟಿ ಸರಿಮಾಡುವ ನೆಪದಲ್ಲಿ ಆಚೆ ತಿರುಗಿದೆ. ಕೆರೆ ಮೀನು ಕೆಸರು ನಾರ್ತದೆ, ನಮ್ಮ ಮನೆಯಲ್ಲಿ ಯಾರೂ ಮುಟ್ಟೂದಿಲ್ಲ ಅಂತ ಇಡೀ ಅಂಕೋಲೆ ಪೇಟೆಗೆ ಹೇಳಿಕೊಂಡು ಬಂದವಳು ನಾನು. ಆ ದಿನ ಆ ಮೀನನ್ನು ನಾನೇ ಕೊಯ್ದು ಸಾರು ಮಾಡಿದೆ. ಕೆಸರು ನಾರುತ್ತಿತ್ತು. ಕೊಯ್ಯುವಾಗ ಬಂಗಡೆ ತನ್ನ ಪಾಲು ಮುಗಿಸಿ ನನ್ನ ಎದುರಿಗೆ ಬಂದು ಕೂತು, ತಲೆ ಕರುಳಿಗೆ ಕಾಯಿತು.

ದತ್ತಾ ಊಟಕ್ಕೆ ಕರೆದರೂ ಬರಲಿಲ್ಲ. ಹಿಂದಿನ ದಿನ ತೆಗೆದಿಟ್ಟ ಕಲ್ಲುಗಳನ್ನು ಒಂದೊಂದಾಗಿ ಹುಡುಕಿ ತಂದು ಗಾಲಿಗೆ ಒಡ್ಡುತ್ತಿದ್ದ.