ಶೇಂಗಾ ಹಿಂಡಿಗೆ ನಕ್ಕ ತರಗತಿ

ಮಂಗಳೂರಿನ ಶಾಲೆಗೆ ಸೇರಿದ ಮೊದಲ ದಿನವೇ ಬಿಸಿಯೂಟದ ಅನ್ನ ಬೆಂದಿಲ್ಲವೆಂದು ಅಡುಗೆಯವರ ಮೇಲೆ ರೇಗಿದೆ. ತಟ್ಟೆಯಲ್ಲಿ ದಪ್ಪ ದಪ್ಪ ಕಾಳು, ಮೈಮೇಲೆ ಕೆಂಪು ಗೆರೆ. "ಇದು ಹಸೀನ ಐತಲ್ರಿ, ಹುಡುಗ್ರು ಹೆಂಗ ಉಣ್ಣಬೇಕು?" ಎಂದೆ. ಅಡುಗೆಯ ಲಲಿತಕ್ಕ ಸೌಟು ಹಿಡಿದು ನನ್ನನ್ನೇ ನೋಡಿದರು. "ಇದು ಕುಚ್ಚಲಕ್ಕಿ ಟೀಚರ್, ಬೆಂದರೂ ಹೀಗೇ ಇರುವುದು. ನೀವು ಘಟ್ಟದ ಮೇಲಿನವರಾ?" ಸಾಲಿನಲ್ಲಿದ್ದ ಮಕ್ಕಳು "ಐತಲ್ರಿ, ಐತಲ್ರಿ" ಎಂದು ಕಿಸಕ್ಕನೆ ನಕ್ಕವು. ಭತ್ತವನ್ನು ಕುದಿಸಿ ಒಣಗಿಸಿ ಮಾಡುವ ಆ ಅಕ್ಕಿಯೆಂದರೆ ಮಂಗಳೂರಿನವರಿಗೆ ಪ್ರಾಣ ಎಂದು ನನಗೇನು ಗೊತ್ತು?

ನಾನು ಬಯಲುಸೀಮೆಯ ಆಲಮೇಲದವಳು. ಹೊರ್ತಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಅಲ್ಲಿ ಮಕ್ಕಳು ಮನೆಯಿಂದ ರೊಟ್ಟಿ ತಂದು ಬಿಸಿಯೂಟದ ಸಾರಿಗೆ ಮುರಿದುಕೊಂಡು ತಿನ್ನುತ್ತಿದ್ದರು. ಗಂಡನಿಗೆ ಬಂದರಿನಲ್ಲಿ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆವು. ಊರಿಂದ ತಂದ ಜೋಳದ ಹಿಟ್ಟು ಕಡಲ ಹವೆಗೆ ತಿಂಗಳೊಳಗೆ ಮುಗ್ಗಲು ಹಿಡಿಯಿತು. ರೊಟ್ಟಿ ಬಡಿದರೆ ಕೆಳಮನೆಯವರು "ಎಂತ ಶಬ್ದ?" ಎಂದು ಹತ್ತಿ ಬಂದರು. ಬಾಯಿತುಂಬ ನಮ್ಮ ಮಾತು ಆಡಬೇಕೆನಿಸಿ ಎಷ್ಟೋ ಮಧ್ಯಾಹ್ನ ಅತ್ತಿದ್ದೇನೆ. ಆದರೂ ಹಠ ಹಿಡಿದು "ಐತಿ" ಬಿಟ್ಟು "ಉಂಟು" ಎನ್ನಲು ಕಲಿತೆ. ಒಮ್ಮೆ ಮೀನು ಮಾರುವಾಕೆ ತುಳುವಿನಲ್ಲಿ ಕ್ಷೇಮ ವಿಚಾರಿಸಿದಾಗ "ಸೌಖ್ಯ" ಎಂದು ಉತ್ತರಿಸಿ, ಮನೆಯವರೆಗೂ ಬೀಗಿಕೊಂಡು ನಡೆದೆ.

ಮರುವರ್ಷ ನನ್ನ ಆರನೇ ತರಗತಿಗೆ ಭೌರಮ್ಮ ಬಂದಳು. ಮುದ್ದೇಬಿಹಾಳದ ತಂಗಡಗಿಯ ಹುಡುಗಿ. ಅಪ್ಪ ಅಮ್ಮ ಇಲ್ಲಿ ಕಟ್ಟಡದ ಕೆಲಸದವರು. "ಅಕ್ಕೋರ, ನೀವೂ ನಮ್ ಕಡಿಯವ್ರಂತ, ಖರೇನ್ರಿ?" ಎಂದು ಕಣ್ಣರಳಿಸಿದಳು. ಟೀಚರನ್ನು ಅಕ್ಕೋರ ಎಂದು ಯಾರಾದರೂ ಕರೆದು ಎಷ್ಟು ದಿನವಾಗಿತ್ತು! ಆದರೆ ಸುತ್ತ ಮಕ್ಕಳಿದ್ದರು. "ಹೌದು, ಕುಳಿತುಕೋ" ಎಂದಷ್ಟೇ ಹೇಳಿದೆ.

ಒಂದು ದಿನ ಮುಖ್ಯ ಶಿಕ್ಷಕಿ ಬಿಸಿಯೂಟದ ಬಗ್ಗೆ ಮಕ್ಕಳ ಅಭಿಪ್ರಾಯ ಬರೆಸಲು ಹೇಳಿದರು. ಚೀಟಿಗಳನ್ನು ನಾನೇ ಗಟ್ಟಿಯಾಗಿ ಓದಿದೆ. ಕೇರಳದ ಹುಡುಗಿಗೆ ಸಾಂಬಾರಿನಲ್ಲಿ ತೆಂಗಿನಕಾಯಿ ಸಾಲದು. ಬಿಹಾರದಿಂದ ಬಂದವನಿಗೆ ದಿನಾ ಅನ್ನ ಬೇಡ, ಚಪಾತಿ ಬೇಕು. ಬ್ಯಾರಿ ಮಾತಾಡುವ ಅಶ್ಫಾಕ್ ನೈಚೋರು, ಅಂದರೆ ತುಪ್ಪದನ್ನ ಕೇಳಿದ್ದ. ಮೀನುಗಾರರ ಮನೆಯ ಪ್ರಜ್ವಲ್ "ಮೀನಿಲ್ಲದಿದ್ದರೆ ಅದು ಊಟವಾ?" ಎಂದು ಬರೆದಿದ್ದ. ಎಲ್ಲದಕ್ಕೂ ಚಪ್ಪಾಳೆ ಬಿತ್ತು. ಕೊನೆಗೆ ಭೌರಮ್ಮನ ಚೀಟಿ: "ಸಾರು ಸಪ್ಪಗ ಐತ್ರಿ. ಅನ್ನದ ಮ್ಯಾಲ ಒಂಚೂರು ಶೇಂಗಾ ಹಿಂಡಿ ಹಾಕಿದ್ರ ಹೊಟ್ಟಿತುಂಬ ಉಣ್ತೇನ್ರಿ."

ಪ್ರಜ್ವಲ್ ಎದ್ದು ನಿಂತ. "ಟೀಚರ್, ಹಿಂಡಿ ದನಕ್ಕೆ ಹಾಕುವುದಲ್ವಾ? ಇವಳು ಅದನ್ನು ತಿನ್ನುವುದಾ?"

ತರಗತಿ ಹೋ ಎಂದಿತು. ಎಣ್ಣೆ ತೆಗೆದ ಮೇಲೆ ಉಳಿದು ಹಸುವಿನ ಮೇವಿಗೆ ಹೋಗುವುದು ಇಲ್ಲಿಯ ಹಿಂಡಿ. ಶೇಂಗಾ, ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿದ ಪುಡಿ ನಮ್ಮ ಹಿಂಡಿ ಎಂದು ಇಂಡಿ, ಸಿಂದಗಿ, ಬಾಗೇವಾಡಿಯಲ್ಲಿ ಇದನ್ನು ಓದುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ತರಗತಿಗೆ ಹೇಳಬೇಕಿತ್ತು. ನನ್ನ ಡಬ್ಬಿಯಲ್ಲೂ ಅಂದು ಅದೇ ಇತ್ತು. ಅಕ್ಕೋರು ಈಗ ಹೇಳುತ್ತಾರೆ ಎಂದು ಭೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ನಕ್ಕೆ. ನಕ್ಕು, "ಹಾಗೆ ಬರೆಯಬಾರದು, ಚಟ್ನಿಪುಡಿ ಎನ್ನಬೇಕು" ಎಂದು ಆ ಮಾತನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. ಮತ್ತೆ ನನ್ನನ್ನು ನೋಡಿ ನಕ್ಕಾರೆಂಬ ಹೆದರಿಕೆ, ಇನ್ನೇನು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದಿನಿಂದ ಅವಳಿಗೂ ನಾನು ಟೀಚರ್ ಆದೆ. ಅವಳ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ದಸರೆಗೆ ಊರಿಗೆ ಹೋದಾಗ ಅವ್ವನನ್ನು "ಹಿಂಡಿ ಉಂಟಾ?" ಎಂದು ಕೇಳಿಬಿಟ್ಟೆ.

"ಉಂಟಂತ! ಪಕ್ಕಾ ಮಂಗಳೂರಾಕಿ ಆದಿ ನೋಡು" ಎಂದು ಅವ್ವ ನಕ್ಕಳು. ನಡೆದದ್ದನ್ನೆಲ್ಲ ಹೇಳಿದ ಮೇಲೆ ನಗಲಿಲ್ಲ. "ಆ ಕೂಸಿನ ಮಾರಿ ನೋಡಿನೂ ನಕ್ಕಿಯೇನ ನೀ? ಒಂದ್ ಡಬ್ಬಿ ಕುಟ್ಟಿ ಕೊಡ್ತೇನಿ. ಒಯ್ದು ಕೊಡು."

ರಜೆ ಮುಗಿದ ಮೇಲೆ ಊಟದ ಸಾಲಿನಲ್ಲಿ, ಎಲ್ಲರೆದುರು, ಭೌರಮ್ಮನ ಪಕ್ಕ ನೆಲಕ್ಕೆ ಕುಳಿತೆ. "ಶೇಂಗಾ ಹಿಂಡಿ ತಂದೇನಿ, ಭೌರವ್ವಾ. ದನದ್ದಲ್ಲ, ನಾವು ಉಣ್ಣೂದು. ಅವತ್ತ ತಪ್ಪು ನಂದ ಐತಿ" ಎಂದೆ. ಅವಳು ತಲೆ ಎತ್ತಲಿಲ್ಲ. ಪ್ರಜ್ವಲನೇ ಮೊದಲು ಕೈ ಚಾಚಿದ. "ರುಚಿ ಉಂಟು ಟೀಚರ್, ಇನ್ನೂ ಸ್ವಲ್ಪ." ಅಶ್ಫಾಕ್ ಬಂದ, ಕೇರಳದ ಹುಡುಗಿ ಬಂದಳು. ಡಬ್ಬಿ ತಳ ಕಂಡಿತು. ಉಳಿದ ಒಂದು ಚಮಚ ಹಿಂಡಿಯನ್ನು ಭೌರಮ್ಮನ ತಟ್ಟೆಯತ್ತ ಒಯ್ದೆ. ಅವಳು ಅಂಗೈ ಅಡ್ಡ ಹಿಡಿದಳು.

"ಬೇಡ ಟೀಚರ್. ನಮ್ಮ ಮನೆಯಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ."

ಒಂದಕ್ಷರ ತಪ್ಪದ ಮಂಗಳೂರು ಕನ್ನಡ, ನನಗೇ ಇನ್ನೂ ಬಾರದಷ್ಟು ಚೆನ್ನಾದದ್ದು. ಆಲಮೇಲದಲ್ಲಿ ಮಂಗಳೂರಾಕಿ, ಇಲ್ಲಿ ಘಟ್ಟದ ಟೀಚರ್ ಆಗಿ ನಾನು ಹೇಗೋ ಕಾಲ ಕಳೆದೇನು. ಆದರೆ ಆ ಸುಳ್ಳನ್ನು ಹುಡುಗಿಗೆ ಕಲಿಸಿದವಳು ನಾನು.