ಸಿಡಿದ ಬೆಳ್ಳಿ ಮತ್ತು ನಾನು ಮಾಡದ ಫೋನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಗದಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲವೆಂದು ಗಟ್ಟಿಯಾಗಿ ನಂಬಿದ್ದೆ. ಈಗಲೂ ಹಾಗೇ ನಂಬಲು ನೋಡುತ್ತೇನೆ. ಲಕ್ಷ್ಮೇಶ್ವರದ ಒಂದು ಬೆಳಗು ಮಾತ್ರ ಅಡ್ಡ ಬರುತ್ತದೆ.

ಈರಣ್ಣ ನನ್ನ ಜೊತೆ ಓದಿದ ಗೆಳೆಯ. ಲಕ್ಷ್ಮೇಶ್ವರದಲ್ಲಿ ಅವನದು ಕನ್ನಡಿ ಮಾಡುವ ಅಂಗಡಿ. ಗಾಜಿನ ಮೇಲೆ ಅವನು ಸುರಿದ ಬೆಳ್ಳಿಯ ದ್ರಾವಣ ಮೆಲ್ಲಗೆ ಹೊಳಪಾಗಿ ಕೂರುವುದನ್ನು ನೋಡುತ್ತ, ಅವನ ಹೆಂಡತಿ ಶಾಂತಕ್ಕ ಕೊಟ್ಟ ಚುರುಮುರಿ ತಿನ್ನುತ್ತ ಎಷ್ಟೋ ಭಾನುವಾರ ಕಳೆದಿದ್ದೇನೆ. ಅಂಥ ಭಾನುವಾರಗಳು ಆಮೇಲೆ ಸಿಗಲಿಲ್ಲ.

ಆ ಸಲ ಶಿರಹಟ್ಟಿಗೆ ಮದುವೆಗೆ ಬಂದಿದ್ದೆ. ಅಕ್ಷತೆಗೆ ಇನ್ನೂ ಹೊತ್ತಿತ್ತು. ಏನನ್ನಿಸಿತೋ, ಯಾರಿಗೂ ಹೇಳದೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಈರಣ್ಣ ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. "ಬಾರವಾ. ನೀ ಹೇಳಿದಂಗ ಬಾಟ್ಲಿ ಮುಟ್ಟಿಲ್ಲ ನೋಡು," ಎಂದ.

"ಯಾವ ಬಾಟ್ಲಿ?"

"ಮುಂಜಾನೆ ನೀನ ಫೋನ್ ಮಾಡಿದೆಲ್ಲ, ನಾ ಬರೂತನಕ ಬೆಳ್ಳಿ ನೀರು ಮುಟ್ಟಬ್ಯಾಡ ಅಂತ. ಚೆಲ್ಲಾಕಂತ ಹೊಂಟಿದ್ದೆ."

ಒಳಮನೆಯಿಂದ ಶಾಂತಕ್ಕನೂ ಬಂದಳು. "ಫೋನ್ ನಾನ ಎತ್ತಿದ್ದೆ. ನಿಮ್ಮ ದನಿ ನನಗ ಗೊತ್ತಾಗೂದಿಲ್ಲೇನ್ರಿ?"

ನಾನು ಫೋನ್ ಮಾಡಿರಲಿಲ್ಲ. ತಮಾಷೆ ಇರಬೇಕೆಂದುಕೊಂಡು ಅಂಗಡಿಯೊಳಗೆ ಇಣುಕಿದೆ. ಹಿಂದಿನ ದಿನ ನೆಂಟರು ಬಂದು, ಕಲಸಿಟ್ಟ ದ್ರಾವಣ ಹಾಗೇ ಉಳಿದಿತ್ತಂತೆ. ಬಾಟಲಿಯ ತಳದಲ್ಲಿ ಕಪ್ಪನೆಯ ಪುಡಿ ಕೂತಿತ್ತು. ಅಮೋನಿಯಾ ಬೆರೆತ ಬೆಳ್ಳಿ ಹಾಗೆ ನಿಂತರೆ ಸಿಡಿಮದ್ದಾಗುತ್ತದೆ. ತುಸು ಅಲುಗಿದರೂ ಸಾಕು. ಹಿಂದೆ ಯುರೋಪಿನ ರಸವಾದಿಗಳು ಗುಡುಗುವ ಬಂಗಾರವೆಂಬ ಸಿಡಿಯುವ ಪುಡಿಯನ್ನು ಕಂಡುಕೊಂಡದ್ದನ್ನೂ, ಆಮೇಲೆ ಬಂದ ಈ ಬೆಳ್ಳಿ ಅದಕ್ಕಿಂತ ಮುಂಗೋಪಿ ಎಂಬುದನ್ನೂ ಪ್ರತಿ ವರ್ಷ ಪಾಠದಲ್ಲಿ ಹೇಳುತ್ತಿದ್ದೆ. ಕಣ್ಣಾರೆ ಕಂಡದ್ದು ಅಂದೇ ಮೊದಲು.

"ಇಬ್ರೂ ಹೊರಗ ಬರ್ರಿ, ಜಲ್ದಿ," ಎಂದೆ.

ರಸ್ತೆ ದಾಟಿ ನಿಂತೆವು. ಹತ್ತಿ ತುಂಬಿದ ಲಾರಿಯೊಂದು ನೆಲ ನಡುಗಿಸುತ್ತ ಹಾದುಹೋಯಿತು. ಅದರ ಬೆನ್ನಿಗೇ ಅಂಗಡಿಯೊಳಗೆ ಸಿಡಿಲು ಬಡಿದಂಥ ಸದ್ದು. ಕನ್ನಡಿಗಳೆಲ್ಲ ಚೂರಾಗಿ ಕಟ್ಟೆಯವರೆಗೂ ಹಾರಿ ಬಿದ್ದವು. ಈರಣ್ಣ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. "ಫೋನ್ ಬಂದಾಗ ಬಾಟ್ಲಿ ಕೈಯಾಗ ಇತ್ತು, ಹಂಗ ಕೆಳಗಿಟ್ಟೆ," ಎಂದು ಮೆಲ್ಲಗೆ ಹೇಳಿದ.

ಆಮೇಲೆ ಅವನು ಬಹಳ ವರ್ಷ ಬದುಕಿದ, ಕನ್ನಡಿ ಮಾಡಿದ, ವಯಸ್ಸಾಗಿ ಹೋದ. ನಾನು ಕಂಡಾಗಲೆಲ್ಲ ಶಾಂತಕ್ಕ ಅನ್ನುತ್ತಾಳೆ: "ಅವತ್ತ ನೀವು ಫೋನ್ ಮಾಡಿದ್ದಕ್ಕ ಅವರು ನನಗ ಉಳದ್ರು."

ನಾನಲ್ಲ ಎಂದು ಮೊದಲೆಲ್ಲ ವಾದಿಸುತ್ತಿದ್ದೆ. ಯಾರಿರಬಹುದೆಂದು ತಲೆ ಕೆಡಿಸಿಕೊಂಡು ವಿಚಾರಿಸಿಯೂ ನೋಡಿದೆ, ಏನೂ ತಿಳಿಯಲಿಲ್ಲ. ಈಗ ಅವಳು ನನ್ನ ಕೈ ಹಿಡಿದು ಹಾಗೆಂದಾಗ ಸುಮ್ಮನೆ ಹೂಂ ಅನ್ನುತ್ತೇನೆ.